ವೇಗದಲ್ಲಿ ಬಯಲಾಗುವ ಸಡಿಲ

ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ಸಡಿಲವಾಗುತ್ತದೆ ಎಂಬ ದೂರು ಗ್ಯಾರೇಜುಗಳಿಗೆ ತೀರ ಪರಿಚಿತವಾದದ್ದು, ಆದರೆ ತೀರ ಅಸ್ಪಷ್ಟವಾದದ್ದೂ ಹೌದು. ಏಕೆಂದರೆ ಆ ಒಂದೇ ದೂರಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳು ಅಡಗಿರಬಲ್ಲವು. ಚಾಲಕನ ಕೈಯಲ್ಲಿರುವ ಸ್ಟೀರಿಂಗ್ ವೀಲ್ ಸ್ವಲ್ಪ ತಿರುಗಿದರೂ ರಸ್ತೆಯ ಮೇಲಿರುವ ಚಕ್ರಗಳು ಅಲುಗದಿರುವುದು ಒಂದು ಬಗೆಯಾದರೆ, ಜೋಡಣೆಯಲ್ಲಿ ಎಲ್ಲಿಯೂ ಸಡಿಲವಿಲ್ಲದೆಯೇ ಕಾರು ನೇರದಾರಿಯನ್ನು ಹಿಡಿದು ನಿಲ್ಲಲಾರದೆ ಅತ್ತಿತ್ತ ಅಲೆಯುವುದು ಇನ್ನೊಂದು ಬಗೆ. ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಸ್ಟೀರಿಂಗ್ ವೀಲ್ ಕೈಯೊಳಗೇ ನಡುಗುವುದು ಮತ್ತೊಂದು. ಮೊದಲನೆಯದಕ್ಕೆ ಕಾರಣ ಸವೆದ ಲೋಹ, ಎರಡನೆಯದಕ್ಕೆ ಟೈರು ಮತ್ತು ಚಕ್ರದ ಕೋನಗಳು, ಮೂರನೆಯದಕ್ಕೆ ಕಂಪನ. ಈ ಮೂರನ್ನು ಬೇರ್ಪಡಿಸದೆ ಕೈಗೊಂಡ ದುರಸ್ತಿಯಲ್ಲಿ ಒಳ್ಳೆಯ ಭಾಗಗಳು ಬದಲಾಗಿ ಕೆಟ್ಟ ಭಾಗ ಉಳಿದುಕೊಳ್ಳುವ ಸಂಭವವೇ ಹೆಚ್ಚು.

ನಗರದ ವೇಗದಲ್ಲಿ ಅಡಗಿರುವ ದೋಷ ಹೆದ್ದಾರಿಯಲ್ಲಿ ಏಕೆ ಹೊರಬೀಳುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀಟರ್ ಅಂತರವಿರುವ ಸಾಧಾರಣ ಕಾರಿನಲ್ಲಿ ಮುಂದಿನ ಚಕ್ರಗಳು ಕೇವಲ 1 ಡಿಗ್ರಿ ತಿರುಗಿದರೆ, ರೇಖಾಗಣಿತದ ಪ್ರಕಾರ ಆ ಕಾರು ಸುಮಾರು 143 ಮೀಟರ್ ತ್ರಿಜ್ಯದ ವೃತ್ತದ ಮೇಲೆ ಚಲಿಸುತ್ತದೆ. ವೃತ್ತದ ಮೇಲಿನ ಚಲನೆಯಲ್ಲಿ ಕಾರನ್ನು ಪಕ್ಕಕ್ಕೆ ಒಯ್ಯುವ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟಿರುವುದರಿಂದ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿನ ವರ್ಗಕ್ಕೆ 0.2 ಮೀಟರಿನಷ್ಟು, ಅಂದರೆ ಕುಳಿತವರಿಗೆ ಗೊತ್ತಾಗದಷ್ಟು ಅಲ್ಪವಾಗಿರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದೇ ಒಂದು ಡಿಗ್ರಿಗೆ ಅದು 25 ಪಟ್ಟು ಹೆಚ್ಚಿ 5.4ನ್ನು, ಅಂದರೆ ಗುರುತ್ವಾಕರ್ಷಣೆಯ ಅರ್ಧಕ್ಕಿಂತ ಹೆಚ್ಚಿನದನ್ನು ಮುಟ್ಟುತ್ತದೆ. ವೇಗ ಏರಿದಂತೆ ಸ್ಟೀರಿಂಗಿಗೆ ತುಸು ಕಡಿಮೆ ಸ್ಪಂದಿಸುವ ಗುಣವನ್ನು ತಯಾರಕರು ಕಾರಿನಲ್ಲಿ ಬೇಕೆಂದೇ ಇರಿಸುವುದರಿಂದ ನಿಜವಾದ ಪರಿಣಾಮ ಈ ಲೆಕ್ಕದ ಅರ್ಧದಷ್ಟಿರಬಹುದು, ಆದರೂ ಅದು ಒಂದೆರಡು ಸೆಕೆಂಡಿನಲ್ಲಿ ಕಾರನ್ನು ಪಕ್ಕದ ಲೇನಿಗೆ ಒಯ್ಯಲು ಸಾಕು. ಹೀಗಾಗಿ ನಗರದಲ್ಲಿ ಎಣಿಕೆಗೆ ಬಾರದ ಅರ್ಧ ಡಿಗ್ರಿಯ ತಪ್ಪು ಹೆದ್ದಾರಿಯಲ್ಲಿ ದೊಡ್ಡ ತಪ್ಪಾಗುತ್ತದೆ. ವೇಗವು ದೋಷವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಗ್ಗಿಸಿ ತೋರಿಸುತ್ತದೆ ಅಷ್ಟೆ. ಗಂಟೆಗೆ 100 ಕಿಲೋಮೀಟರಿನ ವೇಗಮಿತಿಯುಳ್ಳ, 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಗಳು, ವರ್ಷಗಟ್ಟಲೆ ಹಂಪು ಗುಂಡಿಗಳ ನಡುವೆ ನಲವತ್ತನ್ನು ದಾಟದೆ ಓಡಿದ ಕಾರುಗಳ ಪಾಲಿಗೆ ಈ ಅರ್ಥದಲ್ಲಿ ಪರೀಕ್ಷಾ ಪಥಗಳೂ ಆಗಿವೆ.

ಮೊದಲ ಬಗೆಯ ದೋಷವನ್ನು, ಅಂದರೆ ಮೆಕ್ಯಾನಿಕ್‌ಗಳು ‘ಪ್ಲೇ’ ಎಂದು ಕರೆಯುವ ಖಾಲಿ ಚಲನೆಯನ್ನು ಅರಿಯಬೇಕಾದರೆ ಚಾಲಕನ ಕೈಯಿಂದ ಟೈರಿನವರೆಗಿನ ಸರಪಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಸ್ಟೀರಿಂಗ್ ವೀಲ್ ತಿರುಗಿಸುವ ಉದ್ದನೆಯ ಕಾಲಮ್ಮು, ಅದರ ಕೆಳಗೆ ಓರೆಯಾಗಿ ಸಾಗಲು ಅನುವಾಗುವಂತೆ ಎರಡು ಯೂನಿವರ್ಸಲ್ ಜಾಯಿಂಟುಗಳಿರುವ ಚಿಕ್ಕ ಶಾಫ್ಟು, ಅದರ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ, ಆ ಗಾಲಿ ಎಡಬಲಕ್ಕೆ ಸರಿಸುವ ರ್‍ಯಾಕ್ ಎಂಬ ಹಲ್ಲಿನ ಸರಳು, ರ್‍ಯಾಕಿನ ಎರಡು ತುದಿಗಳಲ್ಲಿ ರ್‍ಯಾಕ್ ಎಂಡು, ಅಲ್ಲಿಂದ ಟೈ ರಾಡು, ಅದರ ತುದಿಯ ಬಾಲ್ ಜಾಯಿಂಟು, ಕೊನೆಗೆ ಚಕ್ರವನ್ನು ಹೊತ್ತಿರುವ ನಕಲ್ಲು ಮತ್ತು ಹಬ್ಬು, ಇಷ್ಟರ ಪೈಕಿ ಯಾವುದೇ ಒಂದು ಕೊಂಡಿ ಸವೆದರೂ ಖಾಲಿ ಚಲನೆ ಹುಟ್ಟುತ್ತದೆ. ದಶಕಗಳ ಕಾಲ ಭಾರತದ ರಸ್ತೆಗಳನ್ನಾಳಿದ ಅಂಬಾಸಿಡರ್ ಕಾರಿನಿಂದ ಇಂದಿನ ಸಣ್ಣ ಕಾರುಗಳವರೆಗೆ ಈ ರ್‍ಯಾಕ್ ಪದ್ಧತಿಯೇ ಬಳಕೆಯಲ್ಲಿದ್ದರೆ, ಮಾರುತಿ ಜಿಪ್ಸಿ, ಜಿಮ್ನಿಯಂಥ ವಾಹನಗಳಲ್ಲಿ ಉಕ್ಕಿನ ಗುಂಡುಗಳ ಸಾಲಿನ ಮೂಲಕ ತಿರುಗುವಿಕೆಯನ್ನು ಸಾಗಿಸುವ ಸ್ಟೀರಿಂಗ್ ಬಾಕ್ಸ್ ಇದೆ. ಬಾಕ್ಸು ರಸ್ತೆಯ ಹೊಡೆತಗಳನ್ನು ಕೈಗೆ ಮುಟ್ಟದಂತೆ ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಕೊಂಡಿಗಳ ಸಂಖ್ಯೆ ಹೆಚ್ಚಿರುವುದರಿಂದ ಹೊಸದಿರುವಾಗಲೂ ತುಸು ಖಾಲಿ ಚಲನೆಯನ್ನು ಹೊಂದಿರುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮವು ಸ್ಟೀರಿಂಗ್ ವೀಲಿನ ಖಾಲಿ ಚಲನೆ 30 ಡಿಗ್ರಿಯನ್ನು ಮೀರಬಾರದೆಂದು ವಿಧಿಸುತ್ತದೆ. ಲಾರಿ ಬಸ್ಸುಗಳೂ ಸೇರಿದಂತೆ ಎಲ್ಲ ವಾಹನಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುವ ಈ ಮಿತಿ ಹೆದ್ದಾರಿಯ ಕಾರಿನ ಮಟ್ಟಿಗೆ ತೀರ ಉದಾರವಾದದ್ದೆಂದೇ ಹೇಳಬೇಕು. ಸ್ಟೀರಿಂಗ್ ವೀಲ್ 16 ಡಿಗ್ರಿ ತಿರುಗಿದಾಗ ಚಕ್ರ 1 ಡಿಗ್ರಿ ತಿರುಗುವ ಕಾರಿನಲ್ಲಿ ಆ 30 ಡಿಗ್ರಿ ಎಂದರೆ ಚಕ್ರದ ಬಳಿ ಹೆಚ್ಚುಕಡಿಮೆ 2 ಡಿಗ್ರಿ. ಸ್ಟೀರಿಂಗ್ ವೀಲಿನ ಅಂಚಿನಲ್ಲಿ ಅಳೆದರೆ ಸುಮಾರು 10 ಸೆಂಟಿಮೀಟರ್. ಇದಕ್ಕೆ ಪ್ರತಿಯಾಗಿ ಅನೇಕ ಸಣ್ಣ ಕಾರುಗಳ ಕೈಪಿಡಿಗಳು ಅಂಚಿನ ಬಳಿ 30 ಮಿಲಿಮೀಟರನ್ನೇ ಮೇಲ್ಮಿತಿಯೆಂದು ಎಣಿಸುತ್ತವೆ. ಕಾನೂನಿನ ಕಣ್ಣಿಗೆ ನಿರ್ದೋಷಿಯಾದ ಕಾರು ಕೈಪಿಡಿಯ ಕಣ್ಣಿಗೆ ದುರಸ್ತಿಗೆ ಅರ್ಹವಾಗಿರುವುದು ಹೀಗೆ ಸಾಧ್ಯ.

ಖಾಲಿ ಚಲನೆಯ ಅಪಾಯವು ಚಕ್ರ ತಡವಾಗಿ ತಿರುಗುತ್ತದೆ ಎಂಬಷ್ಟಕ್ಕೇ ನಿಲ್ಲುವುದಿಲ್ಲ. ನೇರವಾಗಿ ಓಡುವಾಗ ಚಾಲಕನು ಅರಿವಿಲ್ಲದೆಯೇ ಸ್ಟೀರಿಂಗನ್ನು ಒಂದೆರಡು ಡಿಗ್ರಿಗಳಷ್ಟು ಅತ್ತಿತ್ತ ತಿದ್ದುತ್ತಲೇ ಇರುತ್ತಾನೆ. ಈ ತಿದ್ದುಪಡಿಗಳು ನಡೆಯುವ ವಲಯವೇ ಖಾಲಿಯಾಗಿದ್ದರೆ ಅವನ ಕೈ ಏನನ್ನೂ ಸಾಧಿಸದೆ ಸರಿಯುತ್ತದೆ, ಕಾರು ಇನ್ನಷ್ಟು ಓರೆಯಾಗುತ್ತದೆ, ಆಗ ಅವನು ಹೆಚ್ಚು ತಿರುಗಿಸುತ್ತಾನೆ, ಖಾಲಿ ವಲಯ ಮುಗಿದೊಡನೆ ಚಕ್ರಗಳು ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತವೆ, ಮತ್ತೆ ಎದುರು ದಿಕ್ಕಿನ ತಿದ್ದುಪಡಿಗೆ ಅದೇ ಖಾಲಿ ವಲಯವನ್ನು ಇಡಿಯಾಗಿ ದಾಟಬೇಕಾಗುತ್ತದೆ. ನಿಯಂತ್ರಣ ವ್ಯವಸ್ಥೆಗಳನ್ನು ಅಭ್ಯಸಿಸುವ ಎಂಜಿನಿಯರುಗಳು ಇಂಥ ಕೊನೆಯಿಲ್ಲದ ಸಣ್ಣ ತೂಗಾಟವನ್ನು ‘ಲಿಮಿಟ್ ಸೈಕಲ್’ ಎನ್ನುತ್ತಾರೆ. ಸವೆದ ಹಲ್ಲುಗಾಲಿಗಳಿರುವ ಯಾವುದೇ ಸ್ವಯಂಚಾಲಿತ ಯಂತ್ರದಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಇಲ್ಲಿ ವ್ಯತ್ಯಾಸವಿಷ್ಟೇ, ನಿಯಂತ್ರಕನ ಸ್ಥಾನದಲ್ಲಿ ಮನುಷ್ಯನಿದ್ದಾನೆ ಮತ್ತು ಅವನಿಗೆ ದಣಿವಾಗುತ್ತದೆ.

ಪ್ಲೇ ಎಲ್ಲಿದೆ ಎಂಬುದನ್ನು ಕಂಡುಹಿಡಿಯುವ ಅತ್ಯಂತ ವಿಶ್ವಾಸಾರ್ಹ ವಿಧಾನಕ್ಕೆ ಬೆಲೆಬಾಳುವ ಉಪಕರಣವೇನೂ ಬೇಕಾಗಿಲ್ಲ. ಕಾರಿನ ಭಾರ ಚಕ್ರಗಳ ಮೇಲೆಯೇ ಇರುವಂತೆ ಅದನ್ನು ಗುಂಡಿಯ ಮೇಲೆ ಇಲ್ಲವೆ ನಾಲ್ಕು ಚಕ್ರಗಳನ್ನೂ ಹೊರುವ ರ್‍ಯಾಂಪಿನ ಮೇಲೆ ನಿಲ್ಲಿಸಿ, ಪವರ್ ಸ್ಟೀರಿಂಗ್ ಇದ್ದಲ್ಲಿ ಎಂಜಿನನ್ನು ಚಾಲೂ ಇಟ್ಟು, ಒಬ್ಬರು ಸ್ಟೀರಿಂಗ್ ವೀಲನ್ನು ಎಡಬಲಕ್ಕೆ ತುಸುವೇ ಅಲುಗಿಸುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೊಂಡಿಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಚಲನೆ ಒಂದು ಕೊಂಡಿಯ ಒಳಗೆ ಹೋಗಿ ಹೊರಗೆ ಬಾರದಿದ್ದರೆ ಸವೆತ ಇರುವುದು ಅಲ್ಲಿಯೇ. ಶಾಫ್ಟು ತಿರುಗಿದರೂ ಪಿನಿಯನ್ ತಿರುಗದಿದ್ದರೆ ಯೂನಿವರ್ಸಲ್ ಜಾಯಿಂಟು ಅಥವಾ ಅದನ್ನು ಬಿಗಿದಿರುವ ಬೋಲ್ಟು. ರ್‍ಯಾಕ್ ಸರಿದರೂ ಟೈ ರಾಡ್ ತಡಮಾಡಿದರೆ ರ್‍ಯಾಕ್ ಎಂಡು. ಟೈ ರಾಡ್ ಸರಿದರೂ ನಕಲ್ ನಿಂತಿದ್ದರೆ ಹೊರತುದಿಯ ಬಾಲ್ ಜಾಯಿಂಟು. ರ್‍ಯಾಕಿನ ಇಡೀ ಕವಚವೇ ತನ್ನ ರಬ್ಬರ್ ಬುಷ್‌ಗಳೊಳಗೆ ಸರಿದಾಡುತ್ತಿದ್ದರೆ ಆ ಬುಷ್‌ಗಳು. ಕೊನೆಯದನ್ನು ಅನುಭವಿ ಮೇಸ್ತ್ರಿಗಳೂ ಕೆಲವೊಮ್ಮೆ ಗಮನಿಸದೆ ಬಿಡುತ್ತಾರೆ, ಏಕೆಂದರೆ ಕೊಂಡಿಗಳೆಲ್ಲ ಒಟ್ಟಿಗೆ ಚಲಿಸುವುದರಿಂದ ಅವುಗಳ ನಡುವೆ ಯಾವ ಬಿರುಕೂ ಕಾಣಿಸುವುದಿಲ್ಲ.

ಅನಂತರ ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಇರಿಸಿ (ಬರೀ ಜಾಕಿನ ಆಸರೆಯಲ್ಲಿ ಕಾರಿನಡಿ ತಲೆಯಿಡುವುದು ಯಾವ ಕಾರಣಕ್ಕೂ ಸಲ್ಲದು) ಚಕ್ರಗಳನ್ನು ಕೈಯಿಂದ ಅಲುಗಿಸಿ ನೋಡಬೇಕಾಗುತ್ತದೆ. ಗಡಿಯಾರದ 9 ಮತ್ತು 3ರ ಸ್ಥಾನದಲ್ಲಿ ಹಿಡಿದು ಅಲುಗಿಸಿದಾಗ ಸಿಗುವ ಸಡಿಲ ಹೆಚ್ಚಾಗಿ ಸ್ಟೀರಿಂಗ್ ಕೊಂಡಿಗಳದ್ದು. 12 ಮತ್ತು 6ರ ಸ್ಥಾನದಲ್ಲಿ ಸಿಗುವುದು ಹಬ್ ಬೇರಿಂಗಿನದು ಅಥವಾ ಸಸ್ಪೆನ್ಷನ್ನಿನ ಬಾಲ್ ಜಾಯಿಂಟಿನದು. ಈ ಎರಡರ ನಡುವೆ ಯಾವುದು ಎಂಬ ಪ್ರಶ್ನೆಗೆ ಹಳೆಯದೊಂದು ಸೊಗಸಾದ ಉಪಾಯವಿದೆ: ಇನ್ನೊಬ್ಬರಿಂದ ಬ್ರೇಕ್ ಪೆಡಲನ್ನು ಒತ್ತಿ ಹಿಡಿಸಿ ಮತ್ತೆ ಅಲುಗಿಸಿದಾಗ, ಬ್ರೇಕು ಡಿಸ್ಕನ್ನೂ ನಕಲನ್ನೂ ಒಂದಾಗಿ ಕಚ್ಚಿ ಹಿಡಿಯುವುದರಿಂದ ಬೇರಿಂಗಿನ ಸಡಿಲ ಮಾಯವಾಗುತ್ತದೆ, ಆಗಲೂ ಸಡಿಲ ಉಳಿದರೆ ದೋಷ ಬಾಲ್ ಜಾಯಿಂಟಿನಲ್ಲಿ, ಜಿಪ್ಸಿಯಂಥ ವಾಹನವಾದರೆ ಕಿಂಗ್ ಪಿನ್ನಿನ ಬೇರಿಂಗುಗಳಲ್ಲಿ ಇದೆಯೆಂದು ತಿಳಿಯಬಹುದು. ಲೋಯರ್ ಆರ್ಮಿನ ರಬ್ಬರ್ ಬುಷ್‌ಗಳನ್ನು ಮಾತ್ರ ಕೈಬಲದಿಂದ ಪರೀಕ್ಷಿಸಲಾಗದು, ಅವುಗಳನ್ನು ಸಲಾಕೆಯಿಂದ ಮೀಟಿಯೇ ನೋಡಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್ ಪದ್ಧತಿಯ ಸಸ್ಪೆನ್ಷನ್ನಿನಲ್ಲಿ ಚಕ್ರದ ಕೆಳತುದಿ ಹಿಂದಕ್ಕೂ ಮುಂದಕ್ಕೂ ಸರಿಯದಂತೆ ಹಿಡಿಯುವುದು ಆ ಆರ್ಮಿನ ಹಿಂದಿನ ಬುಷ್. ಅದು ಹರಿದಿದ್ದರೆ ಬ್ರೇಕ್ ಹಾಕಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಕಾರು ವಾಲುತ್ತದೆ, ಆದರೆ ನಿಂತ ಕಾರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಎರಡನೆಯ ಬಗೆಯ ದೋಷವೇ ಹೆಚ್ಚು ಕುತೂಹಲಕರವಾದದ್ದು, ಏಕೆಂದರೆ ಅಲ್ಲಿ ಸವೆದ ಭಾಗವೆಂದು ಬೆರಳಿಟ್ಟು ತೋರಿಸಲು ಏನೂ ಇರದಿರಬಹುದು. ಕಾರು ನೇರವಾಗಿ ಓಡುವುದು ಚಾಲಕ ಅದನ್ನು ಹಿಡಿದಿರುವುದರಿಂದ ಎಂಬ ನಂಬಿಕೆ ಅರ್ಧಸತ್ಯ ಮಾತ್ರ. ಸರಿಯಾಗಿ ರೂಪುಗೊಂಡ ಕಾರಿನ ಚಕ್ರಗಳು ತಾವಾಗಿಯೇ ನೇರಕ್ಕೆ ಮರಳಲು ಹವಣಿಸುತ್ತಿರುತ್ತವೆ, ಮತ್ತು ಆ ಮರಳುವ ಒತ್ತಡವೇ ಕೈಗೆ ‘ಗಟ್ಟಿ ಸ್ಟೀರಿಂಗ್’ ಎಂಬ ಭಾವನೆಯನ್ನು ಕೊಡುತ್ತದೆ. ಈ ಗುಣಕ್ಕೆ ಎರಡು ಮೂಲಗಳಿವೆ. ಮೊದಲನೆಯದು ಕ್ಯಾಸ್ಟರ್ ಕೋನ. ಚಕ್ರ ಯಾವ ಅಕ್ಷದ ಸುತ್ತ ಎಡಬಲಕ್ಕೆ ತಿರುಗುತ್ತದೆಯೋ ಆ ಅಕ್ಷ ನೆಟ್ಟಗಿರದೆ ಅದರ ಮೇಲ್ತುದಿ ಕಾರಿನ ಹಿಂಭಾಗದತ್ತ ಕೆಲವು ಡಿಗ್ರಿ ವಾಲಿರುತ್ತದೆ. ಅದರಿಂದಾಗಿ ಆ ಅಕ್ಷವನ್ನು ಕೆಳಗೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದು, ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಮುಂದೆ ಬೀಳುತ್ತದೆ. ಆಸ್ಪತ್ರೆಯ ಸ್ಟ್ರೆಚರನ್ನು ತಳ್ಳುವಾಗ ಅದರ ಪುಟ್ಟ ಗಾಲಿಗಳು ತಾವಾಗಿ ಹಿಂದಕ್ಕೆ ಹೊರಳಿ ಸಾಲಾಗುವುದು ಇದೇ ನಿಯಮದಿಂದ: ನೆಲದ ಹಿಡಿತ ತಿರುಗುವ ಅಕ್ಷಕ್ಕಿಂತ ಹಿಂದಿದ್ದರೆ ಗಾಲಿ ಚಲನೆಯ ದಿಕ್ಕಿಗೆ ಬಂದು ನಿಲ್ಲುತ್ತದೆ. ಸಣ್ಣ ಕಾರಿನ ಟೈರಿನಲ್ಲಿ 5 ಡಿಗ್ರಿ ಕ್ಯಾಸ್ಟರ್ ಈ ಅಂತರವನ್ನು ಸುಮಾರು 25 ಮಿಲಿಮೀಟರ್ ಮಾಡಿದರೆ, 3 ಡಿಗ್ರಿಯಲ್ಲಿ ಅದು ಕೇವಲ 15 ಮಿಲಿಮೀಟರ್ ಆಗುತ್ತದೆ.

ಎರಡನೆಯ ಮೂಲ ಟೈರೇ. ಪಕ್ಕದ ಬಲಕ್ಕೆ ಸಿಕ್ಕಿದ ಟೈರು ಬಿರುಸಾದ ಲೋಹದ ಗಾಲಿಯ ಹಾಗೆ ತಾನು ಮುಖಮಾಡಿದ ದಿಕ್ಕಿಗೇ ಉರುಳುವುದಿಲ್ಲ. ಅದರ ರಬ್ಬರು ನೆಲವನ್ನು ಮುಟ್ಟಿದಲ್ಲಿ ಬಾಗಿ, ಮುಖಮಾಡಿದ ದಿಕ್ಕಿಗೂ ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನವನ್ನು ಉಂಟುಮಾಡುತ್ತದೆ. ಇದನ್ನು ಜಾರುಕೋನ ಎನ್ನಬಹುದು, ಆದರೆ ಟೈರು ಇಲ್ಲಿ ನಿಜಕ್ಕೂ ಜಾರುತ್ತಿರುವುದಿಲ್ಲ, ಬಾಗಿ ಉರುಳುತ್ತಿರುತ್ತದೆ. ನೆಲಕ್ಕೆ ತಾಗಿದ ಪಟ್ಟಿಯ ಮುಂಭಾಗದಲ್ಲಿ ರಬ್ಬರಿನ ಬಾಗು ಕಡಿಮೆ, ಹಿಂಭಾಗದಲ್ಲಿ ಹೆಚ್ಚು. ಆದ್ದರಿಂದ ಪಕ್ಕದ ಬಲ ಪಟ್ಟಿಯ ನಡುಮಧ್ಯದಲ್ಲಿ ಅಲ್ಲ, ಅದಕ್ಕಿಂತ ತುಸು ಹಿಂದೆ ವರ್ತಿಸಿ, ಕ್ಯಾಸ್ಟರಿನ ಕೆಲಸಕ್ಕೆ ತನ್ನ ಪಾಲನ್ನೂ ಸೇರಿಸಿ ಚಕ್ರವನ್ನು ನೇರಕ್ಕೆ ತಿರುಚುತ್ತದೆ. ಟೈರಿನ ಗಾಳಿ, ಸವೆತ, ರಚನೆ, ಹಳೆತನ ಇವೆಲ್ಲ ಸ್ಟೀರಿಂಗಿನ ಭಾವನೆಯನ್ನು ಬದಲಿಸುವುದು ಈ ದಾರಿಯಿಂದಲೇ. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಮಾಡಿಸಿ 1949ರಲ್ಲಿ ಹೊರತಂದ ರೇಡಿಯಲ್ ಟೈರು ಹಳೆಯ ಅಡ್ಡನೂಲಿನ ಟೈರಿಗಿಂತ ಹೆಚ್ಚು ಖಚಿತವಾಗಿ ಸ್ಪಂದಿಸುವುದಕ್ಕೂ, ಒಂದೇ ಕಾರಿಗೆ ಎರಡು ಬಗೆಯ ಟೈರುಗಳನ್ನು ಬೆರೆಸಿ ಹಾಕಬಾರದೆಂಬ ಎಚ್ಚರಿಕೆಗೂ ಕಾರಣ ಜಾರುಕೋನಗಳ ಈ ವ್ಯತ್ಯಾಸವೇ ಆಗಿದೆ.

ಇಲ್ಲಿಂದ ಒಂದು ಅನಿರೀಕ್ಷಿತ ತೀರ್ಮಾನ ಹೊರಡುತ್ತದೆ: ಸ್ಟೀರಿಂಗ್ ಸಡಿಲವೆಂಬ ದೂರಿಗೆ ಹಿಂದಿನ ಚಕ್ರಗಳೂ ಕಾರಣವಾಗಬಲ್ಲವು. ಹಿಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಅಥವಾ ಡಿಕ್ಕಿಯಲ್ಲಿ ಅತಿಭಾರ ತುಂಬಿದ್ದರೆ ಹಿಂಭಾಗದ ಜಾರುಕೋನ ಹೆಚ್ಚಿ, ಮುಂಭಾಗ ಹಗುರಾಗಿ, ಕಾರು ಪ್ರತಿಯೊಂದು ತಿದ್ದುಪಡಿಗೂ ಬಾಲವನ್ನು ಬೀಸಿದಂತೆ ಸ್ಪಂದಿಸುತ್ತದೆ. ಚಾಲಕ ಅದನ್ನು ಸ್ಟೀರಿಂಗಿನ ತಪ್ಪೆಂದೇ ಭಾವಿಸುತ್ತಾನೆ. ಹಬ್ಬಕ್ಕೆ ಊರಿಗೆ ಹೊರಟ ಕುಟುಂಬದ ಕಾರು ಹೆದ್ದಾರಿಯಲ್ಲಿ ತೇಲಿದಂತೆ ಅನ್ನಿಸಿದರೆ ಸ್ಪ್ಯಾನರಿಗಿಂತ ಮೊದಲು ಗಾಳಿಯ ಮೀಟರನ್ನು ಕೈಗೆತ್ತಿಕೊಳ್ಳುವುದು ವಿವೇಕ. ಬಾಗಿಲಿನ ಕಂಬಕ್ಕೆ ಅಂಟಿಸಿರುವ ಚೀಟಿಯಲ್ಲಿ ಪೂರ್ಣಭಾರಕ್ಕೆ ಪ್ರತ್ಯೇಕ ಒತ್ತಡವನ್ನು ಹಲವು ತಯಾರಕರು ಮುದ್ರಿಸಿರುತ್ತಾರೆ, ಅದನ್ನು ಓದುವವರು ಕಡಿಮೆ.

ಟೋ ಎಂಬುದು ಮೇಲಿನಿಂದ ನೋಡಿದಾಗ ಎರಡು ಮುಂಚಕ್ರಗಳು ಒಂದಕ್ಕೊಂದು ಎಷ್ಟು ಓರೆಯಾಗಿವೆ ಎಂಬುದರ ಅಳತೆ. ಎರಡೂ ಚಕ್ರಗಳ ಮುಂಭಾಗ ತುಸು ಒಳಕ್ಕೆ ವಾಲಿದ್ದರೆ ಅವು ಒಂದನ್ನೊಂದು ನೇರದಲ್ಲಿ ಹಿಡಿದಿಡುತ್ತವೆ. ಹೊರಕ್ಕೆ ವಾಲಿದ್ದರೆ ಸಣ್ಣ ಉಬ್ಬುತಗ್ಗಿಗೂ ಭಾರ ಯಾವ ಚಕ್ರದ ಮೇಲೆ ಹೆಚ್ಚು ಬಿದ್ದಿತೋ ಅದು ತನ್ನ ದಿಕ್ಕಿಗೆ ಎಳೆಯುವುದರಿಂದ ಕಾರು ನಿರಂತರ ಚಂಚಲವಾಗಿರುತ್ತದೆ. ಅಂಗೈಯನ್ನು ಟೈರಿನ ಮೇಲ್ಮೈಯಲ್ಲಿ ಅಡ್ಡವಾಗಿ ಎಳೆದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಅಂಚಿನಂತೆ ಒರಟು ತಾಗಿದರೆ ಟೋ ಬಹುಕಾಲದಿಂದ ತಪ್ಪಿತ್ತೆಂದು ಅರ್ಥ. ಒಂದೇ ಪಕ್ಕ ಸವೆದಿದ್ದರೆ ಕ್ಯಾಂಬರ್ ಎಂಬ ನಿಲುವಿನ ವಾಲಿಕೆಯನ್ನು ಶಂಕಿಸಬೇಕು, ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಬಿದ್ದಿದ್ದರೆ ಶಾಕ್ ಅಬ್ಸಾರ್ಬರುಗಳನ್ನು. ಎತ್ತರಕ್ಕಾಗಿ ಸ್ಪ್ರಿಂಗುಗಳಿಗೆ ತುಂಡು ಸೇರಿಸಿ ಕಾರನ್ನು ಏರಿಸುವ ಹವ್ಯಾಸವು ಈ ಎಲ್ಲ ಕೋನಗಳನ್ನೂ ಒಟ್ಟಿಗೆ ಕೆಡಿಸುತ್ತದೆ: ಜಿಮ್ನಿಯಂಥ ಇಡಿ ಆಕ್ಸಲಿನ ವಾಹನವನ್ನು ಏರಿಸಿದಾಗ ಆಕ್ಸಲ್ ತುಸು ಉರುಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ, ರ್‍ಯಾಕ್ ಇರುವ ಕಾರನ್ನು ಏರಿಸಿದರೆ ಟೈ ರಾಡುಗಳು ಓರೆಯಾಗಿ ಪ್ರತಿ ಉಬ್ಬಿಗೂ ಚಕ್ರ ತಾನಾಗಿ ತಿರುಗತೊಡಗುತ್ತದೆ.

ಎಡಕ್ಕೋ ಬಲಕ್ಕೋ ಎಳೆಯುವ ಕಾರನ್ನು ಪರೀಕ್ಷಿಸುವಾಗ ರಸ್ತೆಯನ್ನೂ ಆರೋಪಿಗಳ ಸಾಲಿನಲ್ಲಿ ನಿಲ್ಲಿಸಬೇಕು, ಮಳೆನೀರು ಹರಿದುಹೋಗಲೆಂದು ರಸ್ತೆ ಅಂಚಿನತ್ತ ಇಳಿಜಾರಾಗಿರುವುದರಿಂದ ನಮ್ಮಲ್ಲಿ ನಿರ್ದೋಷಿ ಕಾರೂ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿಯೂ ಎಳೆತ ಉಳಿದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ನೋಡಬಹುದು (ಒಂದೇ ದಿಕ್ಕಿಗೆ ಉರುಳಲೆಂದು ಬಾಣದ ಗುರುತಿರುವ ಟೈರುಗಳಿಗೆ ಇದು ಹೊಂದದು). ಎಳೆತದ ದಿಕ್ಕು ಬದಲಾದರೆ ಕಾರಣ ಟೈರಿನೊಳಗಿನ ಪದರಗಳ ಅಸಮತೆ, ಬದಲಾಗದಿದ್ದರೆ ಎಡಬಲಗಳ ಕ್ಯಾಸ್ಟರ್ ವ್ಯತ್ಯಾಸ ಅಥವಾ ಬಿಡದೆ ಕಚ್ಚಿಕೊಂಡಿರುವ ಬ್ರೇಕು.

ನಡುಕದ ಲೆಕ್ಕ ಬೇರೆ. 14 ಇಂಚಿನ ರಿಮ್ಮಿನ ಸಾಮಾನ್ಯ ಟೈರಿನ ಸುತ್ತಳತೆ ಸುಮಾರು 1.8 ಮೀಟರ್ ಇರುವುದರಿಂದ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 15 ಸುತ್ತು ತಿರುಗುತ್ತದೆ. ರಿಮ್ಮಿನ ಒಂದು ಬದಿ ಕೇವಲ 30 ಗ್ರಾಂ ಹೆಚ್ಚು ತೂಗಿದರೆ ಆ ವೇಗದಲ್ಲಿ ಅದು ಹುಟ್ಟಿಸುವ ಕೇಂದ್ರಾಪಗಾಮಿ ಎಳೆತ ಸುಮಾರು 5 ಕಿಲೋಗ್ರಾಂ ತೂಕದಷ್ಟು. ಸೆಕೆಂಡಿಗೆ ಹದಿನೈದು ಸಲ ದಿಕ್ಕು ಬದಲಿಸುವ ಈ ಬಲ 50 ಕಿಲೋಮೀಟರ್ ವೇಗದಲ್ಲಿ ಕಾಲುಭಾಗಕ್ಕೆ ಇಳಿಯುತ್ತದೆ. ಇದರ ಜೊತೆಗೆ ಚಕ್ರ, ಸ್ಪ್ರಿಂಗು, ಬುಷ್‌ಗಳು ಸೇರಿದ ವ್ಯವಸ್ಥೆಗೆ ಸೆಕೆಂಡಿಗೆ 10ರಿಂದ 15 ಸಲದ ಆಸುಪಾಸಿನಲ್ಲಿ ತನ್ನದೇ ಆದ ಸಹಜ ಕಂಪನವಿದೆ, ಎರಡೂ ಲಯಗಳು ಕೂಡಿದಾಗ ಅನುರಣನ ಉಂಟಾಗಿ ನಡುಕ ಬೆಳೆಯುತ್ತದೆ, ವೇಗ ಇನ್ನೂ ಹೆಚ್ಚಿ ಲಯಗಳು ಅಗಲಿದಾಗ ಕಡಿಮೆಯಾಗುತ್ತದೆ. 80ಕ್ಕೆ ಶುರುವಾಗಿ 110ಕ್ಕೆ ಕರಗುವ ನಡುಕವನ್ನು ಕೇಳಿದೊಡನೆ ಅನುಭವಿಗಳು ವೀಲ್ ಬ್ಯಾಲೆನ್ಸಿಂಗ್ ಎನ್ನುವುದು ಇದರಿಂದ. ಬ್ರೇಕ್ ಹಾಕಿದಾಗ ಮಾತ್ರ ಬರುವ ನಡುಕ ಡಿಸ್ಕಿನ ಅಸಮ ದಪ್ಪದಿಂದ, ವೇಗ ಏರಿಸುವಾಗ ಮಾತ್ರ ಬರುವುದು ಹೆಚ್ಚಾಗಿ ಡ್ರೈವ್ ಶಾಫ್ಟಿನ ಒಳಜಾಯಿಂಟಿನಿಂದ. ಸ್ಟೀರಿಂಗ್ ಸ್ಥಿರವಾಗಿದ್ದು ಸೀಟು ಅದುರಿದರೆ ಹಿಂಚಕ್ರಗಳತ್ತ ನೋಡಬೇಕು. ಗುಂಡಿಗೆ ಬಿದ್ದು ಬೆಂಡಾದ ರಿಮ್ಮಿಗೆ ಎಷ್ಟು ಸೀಸದ ತುಂಡು ಅಂಟಿಸಿದರೂ ಪ್ರಯೋಜನವಿಲ್ಲ, ತೂಕ ಸಮವಾದರೂ ಅದು ದುಂಡಾಗುವುದಿಲ್ಲವಲ್ಲ.

ಹೀಗೆ ಹೊರಗಿನ ತೂಕದಿಂದ ಬರುವ ನಡುಕಕ್ಕಿಂತ ಭಿನ್ನವಾದ, ತನ್ನಷ್ಟಕ್ಕೆ ತಾನೇ ಬೆಳೆಯುವ ಇನ್ನೊಂದು ಕಂಪನವಿದೆ. ಅದರ ಹೆಸರು ಶಿಮ್ಮಿ. 1920ರ ದಶಕದಲ್ಲಿ ಕಾರುಗಳಿಗೆ ಕಡಿಮೆ ಒತ್ತಡದ ದಪ್ಪ ಟೈರುಗಳೂ ಮುಂಚಕ್ರದ ಬ್ರೇಕುಗಳೂ ಬಂದಾಗ ಈ ಪಿಡುಗು ವ್ಯಾಪಕವಾಯಿತು. ಆಗ ಎರಡೂ ಮುಂಚಕ್ರಗಳನ್ನು ಒಂದೇ ಇಡಿ ಆಕ್ಸಲ್ ಜೋಡಿಸುತ್ತಿದ್ದುದರಿಂದ ಒಂದು ಚಕ್ರ ಉಬ್ಬನ್ನು ಹತ್ತಿದರೆ ಎರಡೂ ವಾಲುತ್ತಿದ್ದವು, ಮತ್ತು ವೇಗವಾಗಿ ತಿರುಗುವ ಯಾವುದೇ ಚಕ್ರವನ್ನು ವಾಲಿಸಿದರೆ ಅದು ಬುಗುರಿಗೆ ಸಹಜವಾದ ಗುಣದಿಂದ ಎಡಕ್ಕೋ ಬಲಕ್ಕೋ ತಿರುಗುತ್ತದೆ. ತಿರುಗಿದ ಚಕ್ರ ಮತ್ತೆ ಆಕ್ಸಲನ್ನು ವಾಲಿಸಿ, ಕಾರಿನ ಮುನ್ನಡೆಯಿಂದಲೇ ಶಕ್ತಿಯನ್ನು ಹೀರುತ್ತ ಆ ತೂಗಾಟ ಭಯಂಕರವಾಗಿ ಬೆಳೆಯುತ್ತಿತ್ತು. ರೋಲ್ಸ್-ರಾಯ್ಸ್‌ನಿಂದ 1930ರಲ್ಲಿ ಕ್ಯಾಡಿಲಾಕ್‌ಗೆ ಬಂದ ಮಾರಿಸ್ ಆಲಿ ಎಂಬ ಎಂಜಿನಿಯರ್ ಮುಂಚಕ್ರಗಳನ್ನು ಒಂದರಿಂದೊಂದು ಬಿಡಿಸಿ ಸ್ವತಂತ್ರವಾಗಿ ತೂಗುವ ಸಸ್ಪೆನ್ಷನ್ನಿಗಾಗಿ ದುಡಿದುದರ ಹಿಂದೆ ಸುಖಪ್ರಯಾಣದ ಬಯಕೆಯ ಜೊತೆಗೆ ಈ ಶಿಮ್ಮಿಯ ಕಾಟವೂ ಇತ್ತು, ಮತ್ತು 1934ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಅಂಥ ಸಸ್ಪೆನ್ಷನ್ನನ್ನು ಮಾರುಕಟ್ಟೆಗೆ ತಂದಿತು. ವಿಮಾನದ ಗಾಲಿಗಳಲ್ಲಿಯೂ ಕಾಣಿಸಿಕೊಂಡ ಇದೇ ಸಮಸ್ಯೆಯನ್ನು ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಹಾನ್ಸ್ ಪಸೇಕಾ 1966ರ ತಮ್ಮ ಪ್ರಬಂಧದಲ್ಲಿ ಗಣಿತದ ಚೌಕಟ್ಟಿಗೆ ಅಳವಡಿಸಿದರು.

ಶಿಮ್ಮಿಯ ಗುರುತು ಸ್ಪಷ್ಟ: ನುಣುಪಾದ ರಸ್ತೆಯಲ್ಲಿ ಏನೂ ಇರದೆ, ಸೇತುವೆಯ ಸಂದನ್ನೋ ಸಣ್ಣ ಗುಂಡಿಯನ್ನೋ ದಾಟಿದೊಡನೆ ಸ್ಟೀರಿಂಗ್ ಹಠಾತ್ತಾಗಿ ಹುಚ್ಚೆದ್ದು ಬಡಿದಾಡತೊಡಗುತ್ತದೆ, ಕಾರನ್ನು ಗಣನೀಯವಾಗಿ ನಿಧಾನಿಸುವವರೆಗೆ ನಿಲ್ಲುವುದಿಲ್ಲ. ಇಡಿ ಆಕ್ಸಲಿನ ಜಿಪ್ಸಿ ಮತ್ತು ಜಿಮ್ನಿಗಳ ಬಳಕೆದಾರರು ಇದನ್ನು ಬಲ್ಲರು. ಸವೆದ ಕಿಂಗ್ ಪಿನ್ ಬೇರಿಂಗು, ಆಕ್ಸಲನ್ನು ಅಡ್ಡಕ್ಕೆ ಹಿಡಿಯುವ ಸರಳಿನ ಬುಷ್ ಅಥವಾ ಸಡಿಲಗೊಂಡ ಬೋಲ್ಟು ಇದಕ್ಕೆ ದಾರಿ ಮಾಡಿಕೊಡುತ್ತವೆ. ಸ್ಟೀರಿಂಗ್ ಡ್ಯಾಂಪರ್ ಎಂಬ ಎಣ್ಣೆ ತುಂಬಿದ ಕೊಳವೆಯನ್ನು ಹೊಸದಾಗಿ ಹಾಕಿದರೆ ನಡುಕ ಅಡಗುತ್ತದೆ ನಿಜ, ಆದರೆ ಮೂಲದ ಸವೆತ ಅಲ್ಲಿಯೇ ಮುಂದುವರಿಯುತ್ತದೆ. ಡ್ಯಾಂಪರನ್ನು ಕಳಚಿದರೂ ನಡುಗದಂತೆ ಮುಂಭಾಗವನ್ನು ಸರಿಪಡಿಸಿ, ಆಮೇಲೆ ಅದನ್ನು ಕೂಡಿಸುವುದೇ ಕ್ರಮ.

ದುರಸ್ತಿಯ ಕ್ರಮದಲ್ಲಿಯೇ ಅರ್ಧ ಗೆಲುವಿದೆ. ಟೈರಿನ ಒತ್ತಡ ಮತ್ತು ಸ್ಥಿತಿ, ಬ್ಯಾಲೆನ್ಸಿಂಗ್, ಹಬ್ಬು, ಕೊಂಡಿಗಳು, ಬುಷ್‌ಗಳು ಎಂಬ ಸರಣಿಯಲ್ಲಿ ಸಾಗಿ ಎಲ್ಲ ಸವೆತ ತೀರಿದ ಮೇಲೆಯೇ ಅಲೈನ್‌ಮೆಂಟ್ ಮಾಡಿಸಬೇಕು. ದೂರು ಬಂದೊಡನೆ ಕಾರನ್ನು ಅಲೈನ್‌ಮೆಂಟ್ ಯಂತ್ರಕ್ಕೆ ಏರಿಸುವ ರೂಢಿಯಲ್ಲಿ ಒಂದು ಮೂಲಭೂತ ತಪ್ಪಿದೆ: ಯಂತ್ರ ಅಳೆಯುವುದು ನಿಂತ ಕಾರನ್ನು, ಆದರೆ ಸವೆದ ಜಾಯಿಂಟು ಇರುವ ಚಕ್ರ ಓಡುವಾಗ ಬೇರೆಯದೇ ಕೋನಕ್ಕೆ ಸರಿಯುತ್ತದೆ, ಪರದೆಯ ಮೇಲೆ ಹಸಿರಾಗಿ ತೋರಿದ ಅಂಕಿಗಳು ರಸ್ತೆಗೆ ಇಳಿದ ಮೊದಲ ಗುಂಡಿಯಲ್ಲೇ ಸುಳ್ಳಾಗುತ್ತವೆ.

ಇನ್ನೊಂದು ರೂಢಿ ಇದಕ್ಕಿಂತ ಅಪಾಯಕಾರಿ. ರ್‍ಯಾಕಿನ ಬೆನ್ನಿಗೂ ಸ್ಟೀರಿಂಗ್ ಬಾಕ್ಸಿನ ಮೇಲೂ ಸಡಿಲವನ್ನು ತಿದ್ದಲು ಒಂದು ಸ್ಕ್ರೂ ಇರುತ್ತದೆ, ಅದನ್ನು ಬಿಗಿದರೆ ಪ್ಲೇ ಕಡಿಮೆಯಾದಂತೆ ತೋರುತ್ತದೆ. ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ಹಲ್ಲುಗಳು ಹೆಚ್ಚು ಸವೆದಿರುವುದು ನಡುಭಾಗದಲ್ಲಿ. ಅಲ್ಲಿನ ಸಡಿಲ ಹೋಗುವಷ್ಟು ಬಿಗಿದರೆ ಸವೆಯದ ಪಕ್ಕದ ಹಲ್ಲುಗಳಲ್ಲಿ ಸ್ಟೀರಿಂಗ್ ಕಚ್ಚಿಕೊಂಡು ತಿರುವಿನ ಬಳಿಕ ತಾನಾಗಿ ಮರಳುವುದನ್ನೇ ನಿಲ್ಲಿಸುತ್ತದೆ. ಸಡಿಲವಾದ ಸ್ಟೀರಿಂಗ್ ಚಾಲಕನನ್ನು ದಣಿಸುತ್ತದೆ, ಕಚ್ಚಿಕೊಳ್ಳುವ ಸ್ಟೀರಿಂಗ್ ಅವನನ್ನು ಕಂದಕಕ್ಕೆ ಒಯ್ಯಬಲ್ಲದು. ಕೈಪಿಡಿ ಹೇಳಿದಷ್ಟು ಬಿಗಿದು, ಎರಡೂ ತುದಿಗಳವರೆಗೆ ತಿರುಗಿಸಿ ನೋಡಿ, ಅದರಲ್ಲಿ ಸರಿಯಾಗದಿದ್ದರೆ ಘಟಕವನ್ನೇ ಬದಲಿಸುವುದೊಂದೇ ದಾರಿ.

ವಿದ್ಯುತ್ ಪವರ್ ಸ್ಟೀರಿಂಗ್ ಈ ಇಡೀ ಚಿತ್ರಕ್ಕೆ ಹೊಸ ತೊಡಕೊಂದನ್ನು ತಂದಿದೆ. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಮಾರಾಟಕ್ಕೆ ಬಂದ ಹೈಡ್ರಾಲಿಕ್ ನೆರವಿನ ಜಾಗವನ್ನು, 1988ರಲ್ಲಿ ಸುಜುಕಿಯ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ಮೊದಲು ಕಾಣಿಸಿಕೊಂಡ ವಿದ್ಯುತ್ ಮೋಟಾರು ಇಂದು ಬಹುಮಟ್ಟಿಗೆ ಆಕ್ರಮಿಸಿದೆ. ಕಾಲಮ್ಮಿನೊಳಗಿನ ತೆಳುವಾದ ಸರಳೊಂದು ಎಷ್ಟು ತಿರುಚಿಕೊಂಡಿತೆಂಬುದನ್ನು ಸಂವೇದಕ ಅಳೆದು ಹೇಳಿದಂತೆ ಮೋಟಾರು ನೆರವಾಗುತ್ತದೆ, ಮತ್ತು ವೇಗ ಏರಿದಂತೆ ಗಣಕವು ನೆರವನ್ನು ತಗ್ಗಿಸಿ ಸ್ಟೀರಿಂಗನ್ನು ಗಟ್ಟಿ ಮಾಡುತ್ತದೆ. ವೇಗದ ಸಂಕೇತ ತಪ್ಪಾದರೆ ಹೆದ್ದಾರಿಯಲ್ಲಿಯೂ ಪಾರ್ಕಿಂಗಿನ ಹಗುರತನವೇ ಉಳಿದು, ಒಂದು ಬೋಲ್ಟೂ ಸವೆಯದ ಕಾರು ಸಡಿಲವೆನಿಸಬಹುದು. ಅಲೈನ್‌ಮೆಂಟ್ ಬಳಿಕ ಸ್ಟೀರಿಂಗ್ ಕೋನದ ಸಂವೇದಕಕ್ಕೆ ‘ಇದು ನೇರ’ ಎಂದು ಮತ್ತೆ ಕಲಿಸದಿದ್ದರೂ ಕೆಲವು ಕಾರುಗಳಲ್ಲಿ ಮೋಟಾರು ತಪ್ಪು ನಡುವಿನತ್ತ ಮೆಲ್ಲಗೆ ಎಳೆಯುತ್ತಿರುತ್ತದೆ.

ಟೈ ರಾಡ್ ಎಂಡನ್ನು ಬದಲಿಸಿದಲ್ಲಿ ಕೋಟೆಯ ತೆನೆಯಂತೆ ಸೀಳಿರುವ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕುವುದು, ಲಾಕ್ ನಟ್ಟನ್ನು ಬಿಗಿಯುವುದು, ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿಗೆ ಹರಿಯದಂತೆ ಕೂರಿಸುವುದು ಕಾನೂನಿನ ದೃಷ್ಟಿಯಿಂದಲೂ ಕಡ್ಡಾಯ. ಮೇಲೆ ಹೇಳಿದ 98ನೆಯ ನಿಯಮವೇ ರಬ್ಬರ್ ಹೊದಿಕೆಯನ್ನೂ ಬೋಲ್ಟುಗಳ ಭದ್ರತೆಯನ್ನೂ ಹೆಸರಿಸುತ್ತದೆ. ಹರಿದ ಹೊದಿಕೆಯೊಳಗೆ ನುಗ್ಗಿದ ಮರಳು ಹೊಸ ಜಾಯಿಂಟನ್ನೂ ಒಂದು ಮಳೆಗಾಲದಲ್ಲಿ ತಿಂದುಬಿಡಬಲ್ಲದು. ಇಷ್ಟೆಲ್ಲದರ ಜೊತೆಗೆ ಟೈರುಗಳನ್ನೂ ಹೊಸದಾಗಿ ಹಾಕಿಸಿದ್ದರೆ, ಎತ್ತರವಾದ ಹೊಸ ರಬ್ಬರಿನ ಗಟ್ಟಿಗಳು ನೆಲದ ಮೇಲೆ ತುಸು ಹೆಚ್ಚೇ ಬಾಗುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ಕಾರು ಹೆದ್ದಾರಿಯಲ್ಲಿ ಇನ್ನೂ ಮೆತ್ತಗೆ, ಅಸ್ಪಷ್ಟವಾಗಿ ಸ್ಪಂದಿಸಬಹುದು; ಆ ಅವಧಿಯಲ್ಲಿ ಸ್ಪ್ಯಾನರಿಗೆ ಅಲ್ಲಿ ಕೆಲಸವಿಲ್ಲ.